ರಹೀಂ ಸಾಹೇಬರು: ಹೈದರಾಬಾದಿನ ಶಾಲಾ ಮಾಸ್ತರ, ಭಾರತದ ಫುಟ್‌ಬಾಲ್ ಕೋಚ್



ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲ್‌ನಲ್ಲಿ ಭಾರತ ಎರಡು ಸಲ ಮಾತ್ರ ಚಿನ್ನದ ಪದಕ ಗೆದ್ದಿದೆ. ಒಂದು 1951ರಲ್ಲಿ, ಇನ್ನೊಂದು 1962ರಲ್ಲಿ. ಒಲಿಂಪಿಕ್ಸ್ ಫುಟ್‌ಬಾಲ್‌ನ ಸೆಮಿಫೈನಲ್ ತಲುಪಿದ್ದು ಒಂದೇ ಸಲ, 1956ರಲ್ಲಿ. ಈ ಮೂರೂ ಸಲ ತಂಡಕ್ಕೆ ತರಬೇತಿ ಕೊಟ್ಟವರು ಒಬ್ಬರೇ. ಅವರು ಹೈದರಾಬಾದಿನ ಶಾಲಾ ಮಾಸ್ತರ ಸೈಯದ್ ಅಬ್ದುಲ್ ರಹೀಂ. ಇದೇ ಭಾರತ ಒಲಿಂಪಿಕ್ಸ್‌ನಲ್ಲಿ 10-1 ಗೋಲುಗಳಿಂದ ಸೋತು ಊರಿಗೆ ಮರಳಿದ್ದೂ ಉಂಟು. ಆಗಲೂ ತಂಡದ ಕೋಚ್ ಅವರೇ ಆಗಿದ್ದರು.

ನಿಮ್ಮಲ್ಲಿ ಕೆಲವರು 2024ರಲ್ಲಿ ಬಂದ ‘ಮೈದಾನ್’ ಎಂಬ ಹಿಂದಿ ಚಿತ್ರವನ್ನು ನೋಡಿರಬಹುದು. ಅಜಯ್ ದೇವಗನ್ ರಹೀಂ ಸಾಹೇಬರ ಪಾತ್ರ ಮಾಡಿದ್ದಾರೆ. ಚಿತ್ರ ಚೆನ್ನಾಗಿದೆ, ಕಣ್ಣಲ್ಲಿ ನೀರು ತರಿಸುತ್ತದೆ. ಆದರೆ ಸಿನಿಮಾಕ್ಕೆ ಒಬ್ಬ ಖಳನಾಯಕ ಬೇಕು, ಒಂದು ಕ್ಲೈಮ್ಯಾಕ್ಸ್ ಬೇಕು. ರಹೀಂ ಸಾಹೇಬರ ನಿಜವಾದ ಕೆಲಸ ನಡೆದದ್ದು ಒಂದು ಪಂದ್ಯಕ್ಕೂ ಇನ್ನೊಂದು ಪಂದ್ಯಕ್ಕೂ ನಡುವಿನ ವರ್ಷಗಳಲ್ಲಿ, ಯಾರೂ ನೋಡದ ಸಂಜೆಗಳಲ್ಲಿ. ಅದನ್ನು ಮೂರು ತಾಸಿನ ಚಿತ್ರದಲ್ಲಿ ತೋರಿಸುವುದು ಕಷ್ಟ. ಆ ವರ್ಷಗಳ ಕಥೆಯನ್ನೇ ಇಲ್ಲಿ ಹೆಚ್ಚಾಗಿ ಹೇಳಬೇಕೆಂದಿದ್ದೇನೆ.

ಹೈದರಾಬಾದ್ ನಮಗೆ ದೂರದ ಊರಲ್ಲ. ವಿಜಯಪುರದಲ್ಲಿ ರಾತ್ರಿ ಬಸ್ಸು ಹತ್ತಿದರೆ ಬೆಳಗಿನ ಚಹಾ ಅಲ್ಲಿ ಕುಡಿಯಬಹುದು. ಆದಿಲ್‌ಶಾಹಿ ದರ್ಬಾರಿನಲ್ಲಿ ಬೆಳೆದ ದಖನಿ ಮಾತು ನಮ್ಮ ಓಣಿಗಳಲ್ಲಿ ಹೇಗೋ ಹಾಗೇ ಅಲ್ಲಿಯ ಗಲ್ಲಿಗಳಲ್ಲೂ ಕೇಳುತ್ತದೆ. ಕಲಬುರಗಿ, ಬೀದರ, ರಾಯಚೂರು ಜಿಲ್ಲೆಗಳು 1956ರವರೆಗೆ ಹೈದರಾಬಾದ್ ರಾಜ್ಯದ ಭಾಗವೇ ಆಗಿದ್ದವು. ಹೀಗಾಗಿ ರಹೀಂ ಸಾಹೇಬರನ್ನು ಬೇರೆ ನಾಡಿನ ದೊಡ್ಡವರೆಂದು ದೂರವಿಟ್ಟು ನೋಡಬೇಕಾಗಿಲ್ಲ. ನೆರೆಮನೆಯ ಹಿರಿಯರೊಬ್ಬರ ಕಥೆಯೆಂದು ಓದಿರಿ.

ಅವರು ಹುಟ್ಟಿದ್ದು 1909ರ ಆಗಸ್ಟ್ 17ರಂದು, ಹೈದರಾಬಾದಿನಲ್ಲಿ. ಓದಿದ್ದು ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ. ಉರ್ದುವಿನಲ್ಲಿಯೇ ಉನ್ನತ ಶಿಕ್ಷಣ ಕೊಡಬೇಕೆಂದು 1918ರಲ್ಲಿ ಶುರುವಾದ ವಿಶ್ವವಿದ್ಯಾಲಯವದು. ಪದವಿ ಮುಗಿಸಿದ ಮೇಲೆ ಅವರು ಶಿಕ್ಷಕರಾದರು. ಕಾಚಿಗುಡ ಮಿಡ್ಲ್ ಸ್ಕೂಲ್, ಚಾದರ್‌ಘಾಟ್ ಹೈಸ್ಕೂಲ್ ಮೊದಲಾದ ಶಾಲೆಗಳಲ್ಲಿ ಪಾಠ ಹೇಳಿದರು. ಮುಂದೆ ದೈಹಿಕ ಶಿಕ್ಷಣದ ಡಿಪ್ಲೊಮಾ ಪಡೆದು ಶಾಲೆಯ ಆಟೋಟದ ಹೊಣೆಯನ್ನೂ ಹೊತ್ತರು. ತಾವೂ ಒಳ್ಳೆಯ ಆಟಗಾರರೇ. ಸಿಟಿ ಕಾಲೇಜಿನ ಹಳೆಯ ಮತ್ತು ಹೊಸ ವಿದ್ಯಾರ್ಥಿಗಳು ಸೇರಿ ಕಟ್ಟಿದ್ದ ತಂಡದಲ್ಲಿ ಆಡುತ್ತಿದ್ದರು. ಆದರೆ ಆಟಗಾರರಾಗಿ ಅವರ ಹೆಸರು ಊರ ಗಡಿ ದಾಟಿ ಹೋಗಲಿಲ್ಲ.

1943ರಲ್ಲಿ ಅವರು ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು. ಆ ಸ್ಥಾನದಲ್ಲಿ ಕೊನೆಯವರೆಗೂ ಇದ್ದರು. ಸಂಸ್ಥೆಯ ಕಾರ್ಯದರ್ಶಿ ಎಂದರೆ ಏನೆಂದು ನಮ್ಮ ಸದಸ್ಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪತ್ರ ಬರೆಯುವುದು, ಮೈದಾನಕ್ಕೆ ಪರವಾನಗಿ ಕೇಳುವುದು, ಜಗಳ ಬಿಡಿಸುವುದು, ದುಡ್ಡು ಸಾಲದಾಗ ಕೈಯಿಂದ ಹಾಕುವುದು, ಎಲ್ಲವೂ ಅದರಲ್ಲಿ ಬರುತ್ತದೆ. ರಹೀಂ ಸಾಹೇಬರು ಇದರ ಜೊತೆಗೆ ಇನ್ನೊಂದು ಕೆಲಸ ಮಾಡಿದರು. ಊರಿನ ಹುಡುಗರಿಗಾಗಿ ವಿಚಿತ್ರವಾದ ಪಂದ್ಯಾವಳಿಗಳನ್ನು ಹುಟ್ಟುಹಾಕಿದರು.

ಅದರ ಬಗ್ಗೆ ಸ್ವಲ್ಪ ವಿವರವಾಗಿ ಕೇಳಿರಿ. ಬಲಗಾಲಿನ ಹುಡುಗ ಎಡಗಾಲಿನಿಂದಲೇ, ಎಡಗಾಲಿನವನು ಬಲಗಾಲಿನಿಂದಲೇ ಚೆಂಡು ಒದೆಯಬೇಕೆಂಬ ನಿಯಮದ ಪಂದ್ಯಾವಳಿ ಒಂದು. ಚೆಂಡನ್ನು ಕಾಲಲ್ಲಿ ಇಟ್ಟುಕೊಂಡು ಎದುರಾಳಿಗಳನ್ನು ತಪ್ಪಿಸುತ್ತ ಓಡುವಂತಿಲ್ಲ, ಬಂದ ಕೂಡಲೇ ಜೊತೆಯವನಿಗೆ ಕೊಡಬೇಕೆಂಬ ಪಂದ್ಯಾವಳಿ ಮತ್ತೊಂದು. ಗಿಡ್ಡ ಹುಡುಗರಿಗೆಂದೇ ಎತ್ತರದ ಮಿತಿ ಹಾಕಿ ಆಡಿಸಿದ್ದು ಇನ್ನೊಂದು. ನೋಡುವವರಿಗೆ ಇದು ತಮಾಷೆ ಎನಿಸಿರಬೇಕು. ಆದರೆ ಒಳಗಿನ ಲೆಕ್ಕ ಬೇರೆ ಇತ್ತು. ನಮ್ಮ ದೇಶದ ಆಟಗಾರರು ಐರೋಪ್ಯರಷ್ಟು ಎತ್ತರವಿಲ್ಲ, ಮೈಕಟ್ಟಿನಲ್ಲಿ ಅವರಿಗೆ ಸಮವಲ್ಲ. ಚೆಂಡನ್ನು ಗಾಳಿಯಲ್ಲಿ ಎತ್ತಿ ಆಡಿದರೆ ಗೆಲ್ಲುವವರು ಎತ್ತರದವರೇ. ಚೆಂಡನ್ನು ನೆಲಕ್ಕಂಟಿಸಿ ಬೇಗಬೇಗ ಕೈಬದಲಾಯಿಸುವಂತೆ ಕಾಲು ಬದಲಾಯಿಸಿದರೆ ಎತ್ತರ ಕೆಲಸಕ್ಕೆ ಬಾರದು. ಓಡಬೇಕಾದ್ದು ಚೆಂಡು, ಆಟಗಾರನ ಉಸಿರು ಉಳಿಯುತ್ತದೆ. ಈ ಪಾಠವನ್ನು ಅವರು ಕಪ್ಪು ಹಲಗೆಯ ಮೇಲೆ ಬರೆಯಲಿಲ್ಲ. ಅದನ್ನು ಆಟದ ನಿಯಮವಾಗಿ ಮಾಡಿಬಿಟ್ಟರು. ಹುಡುಗರು ಗೆಲ್ಲಬೇಕೆಂದು ಆಡುತ್ತಲೇ ಪಾಠ ಕಲಿತರು. ಒಳ್ಳೆಯ ಮಾಸ್ತರರ ಗುಟ್ಟು ಇದೇ ಅಲ್ಲವೇ? ಬಬಲೇಶ್ವರದ ಶಾಲಾ ಮೈದಾನದಲ್ಲಿ ಸಂಜೆ ಹೊತ್ತು ಚೆಂಡು ಒದೆಯುವ ಹುಡುಗರು ಒಂದು ವಾರ ಈ ಎಡಗಾಲಿನ ನಿಯಮ ಹಾಕಿಕೊಂಡು ಆಡಿ ನೋಡಲಿ. ಖರ್ಚೇನೂ ಇಲ್ಲ.

ಹೈದರಾಬಾದ್ ಸಿಟಿ ಪೊಲೀಸ್ ತಂಡ ಅವರ ಕೈಗೆ ಬಂದ ಕಾಲ ಸುಲಭದ ಕಾಲವಾಗಿರಲಿಲ್ಲ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. ಆಗ ಆ ಸಂಸ್ಥಾನದ ಹಳ್ಳಿ, ಪಟ್ಟಣಗಳು ಕಂಡ ಸಂಕಟವನ್ನು ಬೀದರ, ಕಲಬುರಗಿ ಕಡೆಯ ಹಿರಿಯರ ಬಾಯಲ್ಲಿ ನೀವು ಕೇಳಿರಬಹುದು. ಊರಿನ ಮನಸ್ಸು ಇನ್ನೂ ಚೇತರಿಸಿಕೊಳ್ಳುತ್ತಿದ್ದಾಗ, ಎರಡೇ ವರ್ಷದಲ್ಲಿ, ಆ ಊರಿನ ಪೊಲೀಸರ ತಂಡ ಮುಂಬಯಿಗೆ ಹೋಗಿ 1950ರ ರೋವರ್ಸ್ ಕಪ್ ಗೆದ್ದು ಬಂತು. ಫೈನಲ್‌ನಲ್ಲಿ ಎದುರಾಳಿಯಾಗಿದ್ದದ್ದು ನಮ್ಮ ಬೆಂಗಳೂರಿನ ಆರ್ಯನ್ ಜಿಮಖಾನಾ ತಂಡ. ಆಮೇಲೆ 1951, 1952, 1953, 1954, ಹೀಗೆ ಸತತ ಐದು ವರ್ಷ ರೋವರ್ಸ್ ಕಪ್ ಹೈದರಾಬಾದ್ ಬಿಟ್ಟು ಕದಲಲಿಲ್ಲ. ಸ್ವಾತಂತ್ರ್ಯದ ನಂತರ ಮೊದಲ ಸಲ ನಡೆದ 1950ರ ಡ್ಯುರಾಂಡ್ ಕಪ್ಪನ್ನೂ ಕೋಲ್ಕತ್ತೆಯ ಮೋಹನ್ ಬಾಗಾನ್ ತಂಡವನ್ನು ಸೋಲಿಸಿ ಅವರೇ ಗೆದ್ದರು. ಆಗ ಫುಟ್‌ಬಾಲ್ ಎಂದರೆ ಕೋಲ್ಕತ್ತೆ ಎಂದಿತ್ತು. ದಖನ್ನಿನ ಕಾನ್‌ಸ್ಟೇಬಲ್‌ಗಳು ಅಲ್ಲಿಯ ದೊಡ್ಡ ಕ್ಲಬ್ಬುಗಳನ್ನು ಸೋಲಿಸುತ್ತಾರೆಂದರೆ ಯಾರೂ ನಂಬುವಂತಿರಲಿಲ್ಲ.

ಇಲ್ಲಿ ಒಂದು ಮಾತು ಸೇರಿಸಲೇಬೇಕು. ರೋವರ್ಸ್ ಕಪ್ಪನ್ನು ಬ್ರಿಟಿಷ್ ಸೈನ್ಯದ ತಂಡಗಳಿಂದ ಮೊದಲ ಸಲ ಕಸಿದುಕೊಂಡ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಅವರು 1937 ಮತ್ತು 1938ರಲ್ಲಿ ಎರಡು ವರ್ಷ ಸತತವಾಗಿ ಗೆದ್ದರು. ಮೈಸೂರು ರಾಜ್ಯದ ತಂಡ 1946 ಮತ್ತು 1952ರಲ್ಲಿ ಸಂತೋಷ್ ಟ್ರೋಫಿ ಗೆದ್ದಿತ್ತು. ಕನ್ನಡ ನಾಡಿನಲ್ಲಿ ಫುಟ್‌ಬಾಲ್ ಹೊಸತೇನೂ ಅಲ್ಲ ಎಂಬುದಕ್ಕೆ ಇದನ್ನು ಹೇಳಿದೆ. ನಮ್ಮ ಜಿಲ್ಲೆಯಲ್ಲಿ ಸೈಕ್ಲಿಂಗ್ ಇದೆ, ಕುಸ್ತಿ ಇದೆ, ಕಬಡ್ಡಿ ಇದೆ, ಕ್ರಿಕೆಟ್ಟಂತೂ ಎಲ್ಲೆಲ್ಲೂ ಇದೆ. ಫುಟ್‌ಬಾಲ್ ಮಾತ್ರ ಹಿಂದೆ ಉಳಿಯಿತು.

ರಾಷ್ಟ್ರೀಯ ತಂಡದ ತರಬೇತಿ ರಹೀಂ ಸಾಹೇಬರಿಗೆ ಬಂದದ್ದು 1950ರ ಸುಮಾರಿಗೆ. 1951ರ ಮಾರ್ಚಿನಲ್ಲಿ ದೆಹಲಿಯಲ್ಲಿ ಮೊದಲ ಏಷ್ಯನ್ ಕ್ರೀಡಾಕೂಟ ನಡೆಯಿತು. ಭಾರತ ಇಂಡೊನೇಷ್ಯಾವನ್ನು 3-0ಯಿಂದ, ಅಫ್ಘಾನಿಸ್ತಾನವನ್ನು 3-0ಯಿಂದ ಸೋಲಿಸಿ ಫೈನಲ್ ತಲುಪಿತು. ಅಲ್ಲಿ ಇರಾನ್ ವಿರುದ್ಧ ಸಾಹು ಮೇವಾಲಾಲ್ ಹೊಡೆದ ಒಂದೇ ಗೋಲಿನಿಂದ ಚಿನ್ನ ನಮ್ಮದಾಯಿತು. ನಾಯಕ ಸೈಲೇನ್ ಮನ್ನಾ. ಪ್ರಧಾನಿ ನೆಹರೂ ಆ ಪಂದ್ಯ ನೋಡಲು ಬಂದಿದ್ದರು. ಹೊಸದಾಗಿ ಸ್ವತಂತ್ರವಾದ ದೇಶಕ್ಕೆ ಅದು ಎಂಥ ಸಂಭ್ರಮ ಎಂಬುದನ್ನು ನೀವೇ ಊಹಿಸಿಕೊಳ್ಳಿ.

ಆ ಸಂಭ್ರಮ ಹದಿನಾರು ತಿಂಗಳು ಉಳಿಯಿತು. 1952ರ ಜುಲೈನಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಒಲಿಂಪಿಕ್ಸ್. ಪ್ರಾಥಮಿಕ ಸುತ್ತಿನಲ್ಲೇ ಭಾರತಕ್ಕೆ ಯುಗೊಸ್ಲಾವಿಯ ಎದುರಾಯಿತು. ಆಗ ಒಲಿಂಪಿಕ್ಸ್‌ನಲ್ಲಿ ದುಡ್ಡಿಗಾಗಿ ಆಡುವ ವೃತ್ತಿಪರರಿಗೆ ಪ್ರವೇಶವಿರಲಿಲ್ಲ. ಆದರೆ ಕಮ್ಯುನಿಸ್ಟ್ ದೇಶಗಳಲ್ಲಿ ಕಾಗದದ ಮೇಲೆ ವೃತ್ತಿಪರರೇ ಇರಲಿಲ್ಲವಾದ್ದರಿಂದ ಅವರು ತಮ್ಮ ಅತ್ಯುತ್ತಮ ರಾಷ್ಟ್ರೀಯ ತಂಡವನ್ನೇ ಕಳಿಸುತ್ತಿದ್ದರು. ನಮ್ಮವರಲ್ಲಿ ಅನೇಕರು ಆಡಿದ್ದು ಬರಿಗಾಲಲ್ಲಿ. ಊರ ಮಣ್ಣಿನಲ್ಲಿ ಬರಿಗಾಲು ಚೆಂಡಿನ ಮೇಲೆ ಹಿಡಿತ ಕೊಡುತ್ತದೆ ನಿಜ. ಆ ಚಳಿಯ ದೇಶದ ಹುಲ್ಲಿನಲ್ಲಿ, ಬೂಟು ತೊಟ್ಟ ಗಟ್ಟಿ ಆಟಗಾರರೆದುರು, ಅದು ಏನು ಮಾಡೀತು? ಹತ್ತು ಗೋಲು ಬಿದ್ದವು. ಭಾರತದ ಏಕೈಕ ಗೋಲನ್ನು ಪಂದ್ಯ ಮುಗಿಯುವ ಹೊತ್ತಿಗೆ ಹೊಡೆದವರು ಬೆಂಗಳೂರಿನ ಅಹ್ಮದ್ ಖಾನ್. ಕೋಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿನ ಅಭಿಮಾನಿಗಳು ಪಂಚಪಾಂಡವರೆಂದು ಕರೆಯುತ್ತಿದ್ದ ಐವರು ಮುಂಚೂಣಿ ಆಟಗಾರರಲ್ಲಿ ಇವರೊಬ್ಬರು. 2017ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಅವರ ಮನೆಯಲ್ಲಿ ಅಣ್ಣತಮ್ಮಂದಿರೆಲ್ಲ ಫುಟ್‌ಬಾಲ್ ಆಟಗಾರರೇ.

ಕೋಚ್ ಎಂಬ ಹುದ್ದೆಯ ಸ್ವಭಾವ ಹೇಗಿದೆ ನೋಡಿರಿ. ಗೆದ್ದಾಗ ಪೇಪರಿನಲ್ಲಿ ಗೋಲು ಹೊಡೆದವನ ಚಿತ್ರ ಬರುತ್ತದೆ. ಸೋತಾಗ ಕೋಚ್ ಯಾರು ಎಂದು ಜನ ಕೇಳುತ್ತಾರೆ. ಹತ್ತು ಗೋಲು ತಿಂದು ಬಂದ ಮೇಲೆ ರಹೀಂ ಸಾಹೇಬರು ಶಾಲೆಗೆ ಮರಳಿ, ಹಾಜರಿ ಪುಸ್ತಕ ಹಿಡಿದು ಸುಮ್ಮನೆ ಇದ್ದುಬಿಡಬಹುದಿತ್ತು. ಹೈದರಾಬಾದಿನಲ್ಲಿ ಅವರ ಮಾನಕ್ಕೆ ಕುಂದೇನೂ ಬರುತ್ತಿರಲಿಲ್ಲ, ಅವರ ಪೊಲೀಸ್ ತಂಡ ಇನ್ನೂ ಗೆಲ್ಲುತ್ತಲೇ ಇತ್ತು. ಅವರು ಹಾಗೆ ಮಾಡಲಿಲ್ಲ. ಆ ಸೋಲನ್ನು ಬಿಡಿಬಿಡಿಯಾಗಿ ಬಿಚ್ಚಿ ನೋಡಿದರು. ಹೆಲ್ಸಿಂಕಿಯ ನಂತರ ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ ಬೂಟು ಕಡ್ಡಾಯ ಮಾಡಿತು. ಇದು ಹೇಳಿದಷ್ಟು ಸುಲಭವಲ್ಲ. ಚಿಕ್ಕಂದಿನಿಂದ ಬರಿಗಾಲಲ್ಲಿ ಚೆಂಡಿನ ಸ್ಪರ್ಶ ಕಲಿತವನಿಗೆ ಬೂಟು ತೊಡಿಸಿದರೆ ಮೊದಲ ಕೆಲವು ತಿಂಗಳು ಅವನ ಆಟ ಕೆಡುತ್ತದೆ. ಇಡೀ ದೇಶದ ಆಟಗಾರರು ಆ ಕೆಟ್ಟ ತಿಂಗಳುಗಳನ್ನು ದಾಟಬೇಕಾಯಿತು.

ಬೂಟಿಗಿಂತ ದೊಡ್ಡ ಬದಲಾವಣೆ ತಂಡ ನಿಲ್ಲುವ ಕ್ರಮದಲ್ಲಿ ಬಂತು. ಆಗ ಹೆಚ್ಚಿನ ತಂಡಗಳಲ್ಲಿ ಮುಂದಿನ ಸಾಲಿನ ನಡುವೆ ಒಬ್ಬ ಸೆಂಟರ್ ಫಾರ್ವರ್ಡ್ ಗೋಲಿನ ಹತ್ತಿರವೇ ನಿಲ್ಲುತ್ತಿದ್ದ. ಎದುರಾಳಿ ತಂಡದ ನಡುವಿನ ಬ್ಯಾಕ್ ಅವನಿಗೆ ನೆರಳಿನಂತೆ ಅಂಟಿಕೊಂಡಿರುತ್ತಿದ್ದ. 1953ರಲ್ಲಿ ಹಂಗೇರಿಯವರು ಲಂಡನ್ನಿನ ವೆಂಬ್ಲಿಯಲ್ಲಿ ಇಂಗ್ಲೆಂಡನ್ನು 6-3ರಿಂದ ಸೋಲಿಸಿದಾಗ ತಮ್ಮ ಸೆಂಟರ್ ಫಾರ್ವರ್ಡನ್ನು ಹಿಂದಕ್ಕೆ ಎಳೆದುಕೊಂಡಿದ್ದರು. ಈಗ ಎದುರಾಳಿ ಬ್ಯಾಕ್‌ಗೆ ಪೇಚಾಟ. ಅವನ ಹಿಂದೆ ಹೋದರೆ ಗೋಲಿನ ಮುಂದೆ ಬಾಗಿಲು ತೆರೆದುಬಿಡುತ್ತದೆ, ಹೋಗದಿದ್ದರೆ ಅವನು ಆರಾಮಾಗಿ ಚೆಂಡು ಹಂಚುತ್ತಾನೆ. ರಹೀಂ ಸಾಹೇಬರು ಇದನ್ನು ಬೇಗನೆ ಗ್ರಹಿಸಿ ಭಾರತ ತಂಡಕ್ಕೆ ತಂದರು. ಹಿಂದೆ ನಾಲ್ವರು, ನಡುವೆ ಇಬ್ಬರು, ಮುಂದೆ ನಾಲ್ವರು ಎಂಬ ಕ್ರಮವನ್ನು 1958ರ ವಿಶ್ವಕಪ್‌ನಲ್ಲಿ ಬ್ರೆಜಿಲ್ ಜಗತ್ತಿಗೆಲ್ಲ ಪರಿಚಯಿಸಿತು. ಅದಕ್ಕಿಂತ ಮೊದಲೇ ರಹೀಂ ಸಾಹೇಬರು ಅದೇ ಬಗೆಯ ವ್ಯೂಹವನ್ನು ಆಡಿಸುತ್ತಿದ್ದರೆಂದು ಫುಟ್‌ಬಾಲ್ ಚರಿತ್ರೆ ಬರೆದವರು ಹೇಳುತ್ತಾರೆ. ಟಿವಿ ಇಲ್ಲದ, ವಿಡಿಯೋ ಇಲ್ಲದ ಕಾಲದಲ್ಲಿ, ಹೈದರಾಬಾದಿನ ಶಾಲೆಯೊಂದರಲ್ಲಿ ಕುಳಿತು ಇಷ್ಟನ್ನು ತಿಳಿದುಕೊಂಡದ್ದು ಸಾಮಾನ್ಯ ಮಾತಲ್ಲ. ನನಗಂತೂ ಪದಕಗಳಿಗಿಂತ ಇದೇ ದೊಡ್ಡದೆನಿಸುತ್ತದೆ.

ಈ ವರ್ಷಗಳಲ್ಲೇ ಅವರ ಕಣ್ಣಿಗೆ ಬಿದ್ದವನು ತುಳಸಿದಾಸ್ ಬಾಲರಾಮ್. ಸಿಕಂದರಾಬಾದ್ ಹತ್ತಿರದ ಅಮ್ಮುಗುಡ ಎಂಬ ಹಳ್ಳಿಯ ಬಡ ಮನೆಯ ಹುಡುಗ. ತರಬೇತಿಗೆ ಹೈದರಾಬಾದಿಗೆ ಬಾ ಎಂದು ಕರೆದರೆ ಬರುವುದು ಹೇಗೆ? ದಾರಿಖರ್ಚಿಗೆ ದುಡ್ಡಿಲ್ಲ. ಬಾಡಿಗೆ ಸೈಕಲ್ಲಿಗೆ ರಹೀಂ ಸಾಹೇಬರೇ ತಮ್ಮ ಕಿಸೆಯಿಂದ ಹಣ ಕೊಟ್ಟರು. ಹುಡುಗ ಸೈಕಲ್ ತುಳಿದು ಬಂದ, ಕಲಿತ, 1956 ಮತ್ತು 1960ರ ಎರಡು ಒಲಿಂಪಿಕ್ಸ್ ಆಡಿದ, ಜಕಾರ್ತದಲ್ಲಿ ಚಿನ್ನ ಗೆದ್ದ ತಂಡದಲ್ಲೂ ಇದ್ದ. ತಿಕೋಟಾದಿಂದ ದಿನಾ ವಿಜಯಪುರದ ಕಾಲೇಜಿಗೆ ಬಂದು ಹೋಗುವ ವಿದ್ಯಾರ್ಥಿಗಳಿಗೆ, ಬಸ್ ಪಾಸಿನ ದುಡ್ಡು ಹೊಂದಿಸುವ ಅವರ ತಂದೆತಾಯಿಗಳಿಗೆ, ಈ ಸೈಕಲ್ ಬಾಡಿಗೆಯ ಬೆಲೆ ಬೇರೆಯವರಿಗಿಂತ ಚೆನ್ನಾಗಿ ಗೊತ್ತಾಗುತ್ತದೆ.

1956ರ ನವೆಂಬರ್, ಡಿಸೆಂಬರ್. ಆಸ್ಟ್ರೇಲಿಯಾದ ಮೆಲ್ಬರ್ನ್ ಒಲಿಂಪಿಕ್ಸ್. ನಾಯಕ ಸಮರ್ ಬ್ಯಾನರ್ಜಿ, ಎಲ್ಲರ ಬಾಯಲ್ಲಿ ಬದ್ರು. ಹೈದರಾಬಾದಿನ ನೂರ್ ಮುಹಮ್ಮದ್, ಅಜೀಜುದ್ದೀನ್, ಜುಲ್ಫಿಕರುದ್ದೀನ್ ತಂಡದಲ್ಲಿದ್ದರು. ಮೈಸೂರು ರಾಜ್ಯದ ಕೆಂಪಯ್ಯ ಇದ್ದರು. ಮೊದಲ ಪಂದ್ಯ ಹಂಗೇರಿಯ ಮೇಲೆ ಆಡಬೇಕಿತ್ತು. ಹಂಗೇರಿಯವರು ಬರಲಿಲ್ಲವಾದ್ದರಿಂದ ಭಾರತ ಆಡದೆಯೇ ಮುಂದೆ ಹೋಯಿತು. ಮುಂದೆ ಆತಿಥೇಯ ಆಸ್ಟ್ರೇಲಿಯಾ. ಮುಂಬಯಿಯ ನೆವಿಲ್ ಡಿಸೋಜಾ ಮೂರು ಗೋಲು ಹೊಡೆದರು. ಒಲಿಂಪಿಕ್ಸ್‌ನಲ್ಲಿ ಹ್ಯಾಟ್ರಿಕ್ ಸಾಧಿಸಿದ ಮೊದಲ ಏಷ್ಯನ್ ಅವರು. ಭಾರತ 4-2ರಿಂದ ಗೆದ್ದು, ಒಲಿಂಪಿಕ್ ಫುಟ್‌ಬಾಲ್ ಸೆಮಿಫೈನಲ್ ತಲುಪಿದ ಮೊದಲ ಏಷ್ಯನ್ ದೇಶವಾಯಿತು.

ಸೆಮಿಫೈನಲ್‌ನಲ್ಲಿ ಎದುರಾದದ್ದು ಯಾರು ಗೊತ್ತೇ? ಅದೇ ಯುಗೊಸ್ಲಾವಿಯ! ನಾಲ್ಕು ವರ್ಷದ ಹಿಂದೆ ಹತ್ತು ಗೋಲು ಹೊಡೆದವರು. ಈ ಸಲ ಮೊದಲ ಗೋಲು ಹೊಡೆದದ್ದು ಭಾರತ, ಮತ್ತೆ ನೆವಿಲ್ ಡಿಸೋಜಾ. ಕೆಲವೇ ನಿಮಿಷಗಳ ಮಟ್ಟಿಗೆ ಫೈನಲ್ಲಿನ ಬಾಗಿಲು ತೆರೆದಂತೆ ಕಂಡಿತು. ಆಮೇಲೆ ಯುಗೊಸ್ಲಾವಿಯ ಚೇತರಿಸಿಕೊಂಡು 4-1ರಿಂದ ಗೆದ್ದಿತು. ಮೂರನೇ ಸ್ಥಾನದ ಪಂದ್ಯದಲ್ಲಿ ಬಲ್ಗೇರಿಯ 3-0ಯಿಂದ ಸೋಲಿಸಿತು. ಭಾರತಕ್ಕೆ ಕಂಚು ತಪ್ಪಿ ನಾಲ್ಕನೇ ಸ್ಥಾನ ಬಂತು. ಪದಕದ ಪಟ್ಟಿಯಲ್ಲಿ ನಾಲ್ಕನೆಯವರ ಹೆಸರು ಇರುವುದಿಲ್ಲ. ಆದರೆ 10-1ರಿಂದ 4-1ಕ್ಕೆ ಬಂದ ದಾರಿಯನ್ನು ಲೆಕ್ಕ ಹಾಕುವವರು ಹಾಕಬಹುದು.

ಊರಿನಲ್ಲಿ ಹೈದರಾಬಾದಿನ ಹೆಸರು ಆಗ ಉಚ್ಛ್ರಾಯದಲ್ಲಿತ್ತು. 1956 ಮತ್ತು 1957ರ ಸಂತೋಷ್ ಟ್ರೋಫಿಗಳನ್ನು ಹೈದರಾಬಾದ್ ಸತತವಾಗಿ ಗೆದ್ದಿತು.

1960ರ ರೋಮ್ ಒಲಿಂಪಿಕ್ಸ್ ಮತ್ತೊಂದು ಇಳಿತ. ಆದರೆ ಇದು ಹೆಲ್ಸಿಂಕಿಯಂಥ ಇಳಿತವಲ್ಲ. ನಾಯಕ ಪಿ.ಕೆ. ಬ್ಯಾನರ್ಜಿ. ಹಂಗೇರಿಯ ಎದುರು 2-1ರ ಸೋಲು, ಭಾರತದ ಗೋಲು ಬಾಲರಾಮ್ ಅವರದು. ಫ್ರಾನ್ಸಿನ ಎದುರು ನಾಯಕ ಬ್ಯಾನರ್ಜಿಯ ಗೋಲಿನಿಂದ ಗೆಲುವು ಕೈಗೆ ಬಂದಂತಿತ್ತು. ಕೊನೆಯ ಹತ್ತು ನಿಮಿಷಗಳಲ್ಲಿ ಫ್ರಾನ್ಸ್ ಸಮ ಮಾಡಿಕೊಂಡು 1-1 ಆಯಿತು. ಪೆರುವಿನ ಎದುರು 3-1ರ ಸೋಲು. ಗುಂಪಿನ ಹಂತದಲ್ಲೇ ಮನೆಗೆ ಬರಬೇಕಾಯಿತು. ಆಟ ನೋಡಿದವರು ಮೆಚ್ಚಿದರು. ಫಲಿತಾಂಶ ಮಾತ್ರ ಓದಿದವರಿಗೆ ಸೋಲು ಸೋಲೇ. ಈ ತಂಡದಲ್ಲಿ ರಹೀಂ ಸಾಹೇಬರ ಮಗ ಸೈಯದ್ ಶಾಹಿದ್ ಹಕೀಂ ಕೂಡ ಆಯ್ಕೆಯಾಗಿದ್ದರು. ಅವರಿಗೆ ಒಂದು ಪಂದ್ಯದಲ್ಲೂ ಆಡುವ ಅವಕಾಶ ಸಿಗಲಿಲ್ಲ. ತಂದೆ ಕೋಚ್ ಆಗಿರುವ ತಂಡದಲ್ಲಿ ಮಗ ಬೆಂಚಿನ ಮೇಲೆ ಕುಳಿತು ಮೂರೂ ಪಂದ್ಯ ನೋಡಿದ್ದನ್ನು ನಮ್ಮ ಸಂಘ ಸಂಸ್ಥೆಗಳಲ್ಲಿ ದುಡಿಯುವವರು ಒಂದು ಕ್ಷಣ ನೆನೆಯಬೇಕು.

ಈಗ 1962. ಆ ಹೊತ್ತಿಗೆ ರಹೀಂ ಸಾಹೇಬರ ಮೈಯಲ್ಲಿ ಶ್ವಾಸಕೋಶದ ಕ್ಯಾನ್ಸರ್ ಬೇರು ಬಿಟ್ಟಿತ್ತು. ಏಷ್ಯನ್ ಕ್ರೀಡಾಕೂಟ ಇಂಡೊನೇಷ್ಯಾದ ಜಕಾರ್ತದಲ್ಲಿ. ನಾಯಕ ಚುನಿ ಗೋಸ್ವಾಮಿ. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯ 2-0ಯಿಂದ ಸೋಲಿಸಿತು. ಸಾಕು, ಮತ್ತೆ ರೋಮ್ ಆಯಿತು ಎಂದುಕೊಂಡವರೇ ಬಹಳ. ಮುಂದಿನ ಪಂದ್ಯದಲ್ಲಿ ಥಾಯ್ಲೆಂಡನ್ನು 4-1ರಿಂದ ಸೋಲಿಸಿದರು, ಆದರೆ ಹಿಂದಿನ ಸಾಲಿನ ಗೋಡೆಯಂತಿದ್ದ ಜರ್ನೈಲ್ ಸಿಂಗ್ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಬೇಕಾಯಿತು. ಜಪಾನನ್ನು 2-0ಯಿಂದ ಸೋಲಿಸಿ ಸೆಮಿಫೈನಲ್ ತಲುಪಿದರು.

ಇಲ್ಲಿ ಮಾಸ್ತರರ ಬುದ್ಧಿ ನೋಡಿರಿ. ತಲೆಗೆ ಪಟ್ಟಿ ಕಟ್ಟಿಕೊಂಡ ಜರ್ನೈಲ್ ಸಿಂಗರನ್ನು ಹಿಂದೆ ನಿಲ್ಲಿಸಿದರೆ ಎತ್ತರದ ಚೆಂಡುಗಳಿಗೆ ಪದೇಪದೇ ತಲೆ ಕೊಡಬೇಕಾಗುತ್ತದೆ. ಹೊರಗೆ ಕೂರಿಸಿದರೆ ತಂಡದ ಧೈರ್ಯವೇ ಹೋಗುತ್ತದೆ. ಕಾಲೇಜು ದಿನಗಳಲ್ಲಿ ಜರ್ನೈಲ್ ಮುಂದಿನ ಸಾಲಿನಲ್ಲಿ ಆಡುತ್ತಿದ್ದರು. ರಹೀಂ ಸಾಹೇಬರು ಅದನ್ನು ನೆನಪಿಟ್ಟುಕೊಂಡಿದ್ದರು. ಅವರನ್ನು ಸೆಂಟರ್ ಫಾರ್ವರ್ಡ್ ಮಾಡಿಬಿಟ್ಟರು. ಸೆಮಿಫೈನಲ್‌ನಲ್ಲಿ ದಕ್ಷಿಣ ವಿಯೆಟ್ನಾಂ ವಿರುದ್ಧ ಭಾರತ 3-2ರಿಂದ ಗೆದ್ದಾಗ ಎರಡು ಗೋಲು ಚುನಿಯವರದು, ಒಂದು ಜರ್ನೈಲ್ ಅವರದು. ತನ್ನ ವಿದ್ಯಾರ್ಥಿ ಐದು ವರ್ಷದ ಹಿಂದೆ ಯಾವುದರಲ್ಲಿ ಚುರುಕಾಗಿದ್ದ ಎಂಬುದನ್ನು ನೆನಪಿಡುವ ಶಿಕ್ಷಕ ಸಿಗುವುದು ಪುಣ್ಯ.

ಫೈನಲ್ ಸೆಪ್ಟೆಂಬರ್ 4ರಂದು, ಮತ್ತೆ ದಕ್ಷಿಣ ಕೊರಿಯದ ಮೇಲೆ. ಆದರೆ ಆಟಕ್ಕಿಂತ ದೊಡ್ಡ ಗದ್ದಲ ಊರಿನಲ್ಲಿ ಎದ್ದಿತ್ತು. ಇಂಡೊನೇಷ್ಯಾ ಸರ್ಕಾರ ಇಸ್ರೇಲ್ ಮತ್ತು ತೈವಾನ್ ತಂಡಗಳನ್ನು ಕ್ರೀಡಾಕೂಟಕ್ಕೆ ಬರಗೊಟ್ಟಿರಲಿಲ್ಲ. ಭಾರತದ ಜಿ.ಡಿ. ಸೋಂಧಿ ಏಷ್ಯನ್ ಕ್ರೀಡಾಕೂಟಗಳನ್ನು ಹುಟ್ಟುಹಾಕಿದವರಲ್ಲಿ ಒಬ್ಬರು. ಎಲ್ಲ ಸದಸ್ಯ ದೇಶಗಳಿಗೂ ಪ್ರವೇಶವಿಲ್ಲದ ಮೇಲೆ ಇದನ್ನು ಏಷ್ಯನ್ ಕ್ರೀಡಾಕೂಟ ಎಂದು ಕರೆಯಲಾಗದು ಎಂಬ ನಿಲುವು ತೆಗೆದುಕೊಂಡರು. ಜಕಾರ್ತದ ಜನ ಕೆರಳಿದರು. ಭಾರತದ ರಾಯಭಾರ ಕಚೇರಿಯ ಮೇಲೆ ಗುಂಪು ದಾಳಿ ಮಾಡಿತು. ಆ ಸಿಟ್ಟೆಲ್ಲ ಫುಟ್‌ಬಾಲ್ ಮೈದಾನದಲ್ಲಿದ್ದ ಹನ್ನೊಂದು ಹುಡುಗರ ಮೇಲೆ ತಿರುಗಿತು. ಸುಮಾರು ಒಂದು ಲಕ್ಷ ಪ್ರೇಕ್ಷಕರು ತುಂಬಿದ್ದ ಕ್ರೀಡಾಂಗಣದಲ್ಲಿ ಭಾರತದವರು ಚೆಂಡು ಮುಟ್ಟಿದಾಗಲೆಲ್ಲ ಕೂಗಾಟ. ಭಾರತದ ಪರವಾಗಿ ಹುರಿದುಂಬಿಸಿದವರು ಕೆಲವೇ ಜನ. ಅವರಲ್ಲಿ ಪಾಕಿಸ್ತಾನದ ಹಾಕಿ ಆಟಗಾರರೂ ಇದ್ದರು ಎಂಬುದನ್ನು ಆ ತಂಡದವರು ಆಮೇಲೆ ಎಷ್ಟೋ ಸಲ ನೆನೆಸಿಕೊಂಡಿದ್ದಾರೆ. ಅದೇ ಕೂಟದ ಹಾಕಿ ಫೈನಲ್‌ನಲ್ಲಿ ಪಾಕಿಸ್ತಾನ ಭಾರತವನ್ನು ಸೋಲಿಸಿತ್ತು.

ಫೈನಲ್ಲಿನ ಹಿಂದಿನ ರಾತ್ರಿ ರಹೀಂ ಸಾಹೇಬರು ಆಟಗಾರರಿಗೆ ದೊಡ್ಡ ಭಾಷಣವನ್ನೇನೂ ಮಾಡಲಿಲ್ಲ. ನಾಳೆ ನನಗೊಂದು ಉಡುಗೊರೆ ಬೇಕು, ಚಿನ್ನದ ಪದಕ ಕೊಡಿ ಎಂದಷ್ಟೇ ಕೇಳಿಕೊಂಡರೆಂದು ಶಿಷ್ಯರು ಹೇಳುತ್ತಿದ್ದರು. ಗೋಲ್ ಕೀಪರ್ ಜಾಗದಲ್ಲಿ ಅವರು ಸೆಮಿಫೈನಲ್ ಆಡಿದ ಪ್ರದ್ಯೋತ್ ಬರ್ಮನ್ ಬದಲಿಗೆ ಜ್ವರದಿಂದ ಎದ್ದಿದ್ದ ಪೀಟರ್ ತಂಗರಾಜರನ್ನು ಇಳಿಸಿದರು. ತಂಗರಾಜ್ ಎತ್ತರದ ಆಳು, ಕೊರಿಯದವರ ಎತ್ತರದ ಚೆಂಡುಗಳಿಗೆ ಅವರೇ ಬೇಕಾಗಿತ್ತು. ಹದಿನೇಳನೇ ನಿಮಿಷದಲ್ಲಿ ಪಿ.ಕೆ. ಬ್ಯಾನರ್ಜಿ ಗೋಲು ಹೊಡೆದರು. ಮೂರೇ ನಿಮಿಷದಲ್ಲಿ ತಲೆಗೆ ಪಟ್ಟಿ ಕಟ್ಟಿದ್ದ ಜರ್ನೈಲ್ ಸಿಂಗ್ ಎರಡನೆಯದನ್ನು ಹೊಡೆದರು. ಆಮೇಲೆ ಒಂದು ತಾಸಿಗೂ ಮಿಕ್ಕಿ ಆ ಕೂಗಾಟದ ನಡುವೆ ಆಡಿದರು. ಕೊನೆಯಲ್ಲಿ ಕೊರಿಯ ಒಂದು ಗೋಲು ಹೊಡೆಯಿತು, ಅಷ್ಟೇ. 2-1.

ಬಂದ ಮೇಲೆ ರಹೀಂ ಸಾಹೇಬರು ಹೆಚ್ಚು ದಿನ ಉಳಿಯಲಿಲ್ಲ. ಒಂಬತ್ತು ತಿಂಗಳು ತುಂಬಿತ್ತಷ್ಟೇ. 1963ರ ಜೂನ್ 11ರಂದು ಹೈದರಾಬಾದಿನಲ್ಲಿ ತೀರಿಕೊಂಡರು. ವಯಸ್ಸು 53.

ಅವರಿಗೆ ಪದ್ಮ ಪ್ರಶಸ್ತಿ ಬರಲಿಲ್ಲ. ಕೋಚ್‌ಗಳಿಗೆ ಕೊಡುವ ದ್ರೋಣಾಚಾರ್ಯ ಪ್ರಶಸ್ತಿ ಶುರುವಾದದ್ದೇ 1985ರಲ್ಲಿ. ಅವರು ಕಟ್ಟಿದ ಹೈದರಾಬಾದಿನ ಫುಟ್‌ಬಾಲ್ ಕ್ರಮೇಣ ಬಡವಾಯಿತು. ಶಿಷ್ಯರು ಮಾತ್ರ ಅವರ ಕೆಲಸವನ್ನು ಕೆಲಕಾಲ ಮುಂದುವರಿಸಿದರು. 1970ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ಕಂಚು ಗೆದ್ದಾಗ ತರಬೇತಿಯ ಹೊಣೆ ಹೊತ್ತವರಲ್ಲಿ ಪಿ.ಕೆ. ಬ್ಯಾನರ್ಜಿ ಒಬ್ಬರು, ನಾಯಕ ಹೈದರಾಬಾದಿನ ಸೈಯದ್ ನಯೀಮುದ್ದೀನ್. ಆ ಕಂಚಿನ ನಂತರ ಏಷ್ಯನ್ ಕ್ರೀಡಾಕೂಟದ ಪುರುಷರ ಫುಟ್‌ಬಾಲ್‌ನಲ್ಲಿ ಭಾರತಕ್ಕೆ ಪದಕ ಬಂದಿಲ್ಲ. ಬ್ಯಾನರ್ಜಿ ಮತ್ತು ಚುನಿ ಗೋಸ್ವಾಮಿ ಇಬ್ಬರೂ 2020ರಲ್ಲಿ, ಒಂದೂವರೆ ತಿಂಗಳ ಅಂತರದಲ್ಲಿ ಹೋದರು. ಬಾಡಿಗೆ ಸೈಕಲ್ಲಿನ ಬಾಲರಾಮ್ 2023ರಲ್ಲಿ.

ರೋಮ್‌ನಲ್ಲಿ ಬೆಂಚಿನ ಮೇಲೆ ಕುಳಿತಿದ್ದ ಮಗ ಹಕೀಂ ವಾಯುಪಡೆಯಲ್ಲಿ ಸ್ಕ್ವಾಡ್ರನ್ ಲೀಡರ್ ಆದರು, ಅಂತರರಾಷ್ಟ್ರೀಯ ರೆಫರಿಯಾದರು, ಕೋಚ್ ಕೂಡ ಆದರು. 2017ರಲ್ಲಿ ಅವರಿಗೆ ಧ್ಯಾನ್‌ಚಂದ್ ಪ್ರಶಸ್ತಿ ಬಂತು. ತಂದೆ ತೀರಿಕೊಂಡು ಆಗ 54 ವರ್ಷ ಕಳೆದಿದ್ದವು. ಹಕೀಂ ಕೊನೆಯುಸಿರೆಳೆದದ್ದು ನಮ್ಮ ನೆರೆಯ ಕಲಬುರಗಿಯ ಆಸ್ಪತ್ರೆಯಲ್ಲಿ, 2021ರ ಆಗಸ್ಟ್ 22ರಂದು.